ಹೊಣೆಗೆ ನಿಂತವಳು

ವಾಲೆಹೊ, ಕ್ಯಾಲಿಫೋರ್ನಿಯಾ
9 ಫೆಬ್ರವರಿ 1999

ಶ್ರೀಮತಿ ಸಾಲ್ವಸಿಯೋನ್ ಅವರಿಗೆ,

ಲಕೋಟೆಯ ಮೇಲಿನ ಹೆಸರು ನೋಡಿ ನೀವು ಇದನ್ನು ಒಲೆಗೆ ಹಾಕದಿದ್ದರೆ ಅದೇ ದೊಡ್ಡದು. ನಾನು ರೆಮೆದಿಯೋಸ್. ಹಿಲಾರಿಯೊ ನಿಮ್ಮಿಂದ ವಿಚ್ಛೇದನ ಪಡೆದ ಮೇಲೆ ಇಲ್ಲಿ ಮದುವೆಯಾದದ್ದು ನನ್ನನ್ನು. ಅವರು ತೀರಿಕೊಂಡು ಆರು ವರ್ಷವಾಯಿತು. ಇಷ್ಟು ದಿನ ನಿಮಗೆ ಬರೆಯುವ ಧೈರ್ಯ ಇರಲಿಲ್ಲ. ಈಗಲೂ ಇಲ್ಲ. ಆದರೆ ವಿಷಯ ನಿಮ್ಮ ಮಗಳು ಮೆರ್ಲಿಯದು. ನನ್ನ ಮಾತು ಪಾಂಗಸಿನಾನ್ ಕಡೆಯದು, ನಿಮ್ಮದು ಆಂತಿಕೆಯದು, ಹಾಗಾಗಿ ಇಬ್ಬರಿಗೂ ಬರುವ ತಗಾಲೊಗ್‌ನಲ್ಲಿ ಬರೆಯುತ್ತಿದ್ದೇನೆ.

ನಿಮ್ಮನ್ನು ಇಲ್ಲಿಗೆ ಕರೆಸಿಕೊಳ್ಳಲು ಮೆರ್ಲಿ ಹಾಕಿದ ಅರ್ಜಿ ಮಂಜೂರಾಗಿದೆ, ಅದು ನಿಮಗೆ ಗೊತ್ತು. ಇನ್ನೊಂದು ಮೆಟ್ಟಿಲು ಉಳಿದಿದೆ. ಬಂದ ತಾಯಿ ಸರ್ಕಾರದ ತಲೆಯ ಮೇಲೆ ಬೀಳುವುದಿಲ್ಲ, ಅವಳ ಊಟ-ವಸತಿ ನನ್ನ ಹೊಣೆ ಅಂತ ಮಗಳು ಬರೆದುಕೊಡಬೇಕು. ಹಾಗೆ ಬರೆದುಕೊಡುವವರಿಗೆ ಇಷ್ಟು ವರಮಾನ ಇರಲೇಬೇಕು ಅಂತ ಒಂದು ಗೆರೆ ಎಳೆದಿದ್ದಾರೆ. ಮೆರ್ಲಿ ಸ್ವಲ್ಪದರಲ್ಲಿ ಆ ಗೆರೆ ಮುಟ್ಟುವುದಿಲ್ಲ. ಆಗ ಜೊತೆಗೆ ಇನ್ನೊಬ್ಬರು ಜಾಮೀನು ನಿಲ್ಲಬೇಕು. ಚರ್ಚಿನ ಒಬ್ಬ ಗೆಳತಿ ಒಪ್ಪಿದ್ದಳು, ಅವಳ ಗಂಡ ಕಾಗದ ಓದಿದವನೇ ಬೇಡ ಅಂದ. ಒಬ್ಬರು ನೆಂಟರು ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ನಾನಾಗಿಯೇ ನಿಲ್ಲುತ್ತೇನೆ ಅಂದೆ.

ಮೆರ್ಲಿ ನಿಮಗೆ ‘ಒಬ್ಬರು ಸ್ನೇಹಿತೆ’ ಅಂತಷ್ಟೇ ಬರೆದಿದ್ದಾಳೆ. ಮನಿಲಾದ ರಾಯಭಾರ ಕಚೇರಿಯಲ್ಲಿ ಆ ಸ್ನೇಹಿತೆಯ ಹೆಸರು ಕೇಳುತ್ತಾರೆ. ಗಾಜಿನ ಕಿಟಕಿಯ ಮುಂದೆ, ನೂರು ಜನರ ನಡುವೆ, ನಿಮ್ಮದೇ ಮನೆತನದ ಹೆಸರನ್ನು ನನ್ನ ಹೆಸರಿನ ಪಕ್ಕದಲ್ಲಿ ನೀವು ಮೊದಲ ಸಲ ಕೇಳುವುದು ನನಗೆ ಇಷ್ಟವಿಲ್ಲ. ನೀವು ಹೂಂ ಅಂದರೆ ಮಾತ್ರ ಸಹಿ ಹಾಕುತ್ತೇನೆ.

ನಿಮ್ಮನ್ನು ಮನಾಂಗ್ ಅನ್ನಬಹುದೇ? ನಮ್ಮ ಕಡೆ ಅಕ್ಕನಿಗೆ ಹಾಗೇ ಅನ್ನುವುದು, ನಿಮ್ಮ ಕಡೆಯೂ ಹಾಗೇ ಅಂತೆ.

ರೆಮೆದಿಯೋಸ್ ಅಲಾಬಾದೊ


ಬುಗಾಸೊಂಗ್, ಆಂತಿಕೆ
6 ಏಪ್ರಿಲ್ 1999

ರೆಮೆದಿಯೋಸ್ ಅವರೇ,

ಕಾಗದ ಬಂತು. ಒಲೆಗೆ ಹಾಕಲಿಲ್ಲ. ಲಕೋಟೆ ದಪ್ಪ ಇತ್ತು, ಮನೆಯೆಲ್ಲ ಹೊಗೆಯಾಗುತ್ತೆ.

ನಿಮ್ಮ ಜಾಮೀನು ನನಗೆ ಬೇಡ. ನನಗೆ ಮಗ್ಗ ಇದೆ. ನಾನು ನೇಯ್ದ ಚೌಕಳಿ ಲುಂಗಿ ಉಟ್ಟುಕೊಂಡು ಈ ಊರಿನ ಅರ್ಧ ಹೆಂಗಸರು ಸಂತೆಗೆ ಹೋಗ್ತಾರೆ. ಅಮೆರಿಕಕ್ಕೆ ಬರ್ತೀನಿ ಅಂತ ನಾನು ಯಾರ ಬಾಗಿಲಲ್ಲೂ ನಿಂತಿರಲಿಲ್ಲ. ಮೆರ್ಲಿ ಹಿಂದೆ ಕರೆದಾಗಲೆಲ್ಲ ಬೇಡ ಅಂದಿದ್ದೆ. ಈ ಸಲ ಯಾಕೋ ಬಿಡಲಿಲ್ಲ, ಒಪ್ಪಿದೆ. ಅವಳ ವರಮಾನ ಸಾಲದಿದ್ದರೆ ಅವಳ ಗಂಡ ರಾಂಡಿ ದುಡೀತಾನಲ್ಲ, ಅವನದೂ ಸೇರಿಸಿ ಬರೆಯಲಿ. ಆಸ್ಪತ್ರೆಯಲ್ಲಿ ಒಳ್ಳೇ ಕೆಲಸ ಅಂತ ಅವಳೇ ಹೇಳಿದ್ದಳು.

ಹಿಂದೆ ಒಂದು ಕಾಗದಕ್ಕೆ ಸಹಿ ಹಾಕಿ ನನ್ನ ಮನೆಯಿಂದ ಒಬ್ಬನನ್ನು ಕರೆದುಕೊಂಡು ಹೋದಿರಿ. ಈಗ ಇನ್ನೊಂದಕ್ಕೆ ಸಹಿ ಹಾಕಿ ನನ್ನನ್ನೂ ಕರೆಸಿಕೊಳ್ತೀರಾ?

ಮತ್ತೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನನ್ನನ್ನು ಮನಾಂಗ್ ಅನ್ನಬೇಡಿ.

ಸಾಲ್ವಸಿಯೋನ್ ಅಲಾಬಾದೊ


ವಾಲೆಹೊ
2 ಮೇ 1999

ಶ್ರೀಮತಿ ಸಾಲ್ವಸಿಯೋನ್ ಅವರಿಗೆ,

ಬರೆಯಬೇಡಿ ಅಂದಿದ್ದೀರಿ, ಬರೆಯುತ್ತಿದ್ದೇನೆ. ನೀವು ರಾಂಡಿಯ ಹೆಸರು ಎತ್ತದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ರಾಂಡಿ ಮನೆ ಬಿಟ್ಟು ಹೋಗಿ ವರ್ಷದ ಮೇಲಾಯಿತು. ಎಲ್ಲಿದ್ದಾನೆ ಅಂತ ನಮಗೆ ತಿಳಿಯದು. ಮೆರ್ಲಿ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ, ಹಗಲು ಮಗು ಜನೀನ್‌ಳನ್ನು ನೋಡಿಕೊಳ್ಳುತ್ತಾಳೆ. ನನ್ನಿಂದ ಆದ ದಿನ ಮಗು ನನ್ನ ಹತ್ತಿರ ಇರುತ್ತದೆ. ಜನವರಿಯಲ್ಲಿ ಕೆಲಸ ಮುಗಿಸಿ ಬರುವಾಗ ಕಾರು ಓಡಿಸುತ್ತಲೇ ನಿದ್ದೆ ಹೋಗಿ ದೀಪದ ಕಂಬಕ್ಕೆ ಗುದ್ದಿದಳು. ಹಣೆಗೆ ಹೊಲಿಗೆ ಬಿತ್ತು, ಬೇರೇನೂ ಆಗಲಿಲ್ಲ. ಈಸ್ಟರ್‌ಗೆ ನಿಮಗೆ ಕಳಿಸಿದ ಫೋಟೋದಲ್ಲಿ ಕೂದಲು ಮುಂದಕ್ಕೆ ಬಾಚಿಕೊಂಡಿದ್ದು ಅದಕ್ಕೇ.

ನಿಮಗೆ ಹೇಳಬೇಡಿ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಆಣೆ ಮುರಿದ ಪಾಪ ನನಗಿರಲಿ.

ನನ್ನ ಜಾಮೀನು ನಿಮಗಾಗಿ ಅಲ್ಲ, ಅವಳಿಗಾಗಿ. ಹದಿನೆಂಟನೇ ವಯಸ್ಸಿನಲ್ಲಿ ಅಪ್ಪನ ಮನೆ ಅಂತ ನನ್ನ ಮನೆಗೆ ಬಂದಳು. ಮೊದಲ ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆಗ ನಾನು ಮಾಡಿದ ಅಡುಗೆ ಬಿಟ್ಟು ಬರೀ ಅನ್ನಕ್ಕೆ ಉಪ್ಪು ಹಾಕಿಕೊಂಡು ತಿಂದಳು. ನಿಮ್ಮ ಮಗಳೇ ಸರಿ.

ರೆಮೆದಿಯೋಸ್


ಬುಗಾಸೊಂಗ್
11 ಜುಲೈ 1999

ರೆಮೆದಿಯೋಸ್ ಅವರೇ,

ಪಟ್ಟಣಕ್ಕೆ ಹೋಗಿ ಮೆರ್ಲಿಗೆ ಫೋನ್ ಮಾಡಿದೆ.

‘ರಾಂಡಿ ಹೇಗಿದ್ದಾನೆ?’ ಅಂದೆ.

‘ಚೆನ್ನಾಗಿದ್ದಾನಮ್ಮ, ಕೆಲಸಕ್ಕೆ ಹೋಗಿದ್ದಾನೆ.’

‘ನಿನ್ನ ಹಣೆ?’

‘ಯಾರು ಹೇಳಿದ್ದು?’ ಅಂದಳು. ಸುಳ್ಳು ಹೇಳುವಾಗ ಅವಳ ದನಿ ಚಿಕ್ಕಂದಿನಿಂದ ದಾರದ ಹಾಗೆ ತೆಳ್ಳಗಾಗುತ್ತೆ. ಹದಿನೇಳು ವರ್ಷ ಬರೀ ಕಾಗದ ಓದಿ ಓದಿ ಆ ದನಿಯನ್ನೇ ಮರೆತುಬಿಟ್ಟಿದ್ದೆ. ಆಮೇಲೆ ಅತ್ತಳು. ಫೋನ್ ಅಂಗಡಿಯವನು ಹೊತ್ತು ನೋಡ್ತಾ ನಿಂತಿದ್ದ, ಅವನಿಗೆ ಬೆನ್ನು ತಿರುಗಿಸಿ ನಾನೂ ಸ್ವಲ್ಪ ಅತ್ತೆ.

ನೀವು ನಿಜ ಬರೆದಿರಿ, ಅದಕ್ಕೆ ಈ ಕಾಗದ. ಸಹಿಗೆ ಹೂಂ ಅಂತ ಇನ್ನೂ ಅಂದಿಲ್ಲ. ಮೊದಲು ಇವಕ್ಕೆ ಉತ್ತರ ಕೊಡಿ.

ನಾನು ಅಲ್ಲಿಗೆ ಬಂದು ಕಾಯಿಲೆ ಬಿದ್ದರೆ ನಿಮಗೇನಾಗುತ್ತೆ? ಈ ಹೊಣೆ ಎಷ್ಟು ದಿನ? ನಡುವೆ ನಿಮಗೆ ಸಾಕಾದರೆ ಕೈ ಕೊಡವಿಕೊಳ್ಳಬಹುದಾ? ಇದರಲ್ಲಿ ನಿಮಗೇನು ಲಾಭ? ವಯಸ್ಸಾದ ಮೇಲೆ ಕಾಲು ಒತ್ತಲು ಒಬ್ಬಳು ಬೇಕು ಅಂತಿದ್ದರೆ ಈಗಲೇ ಹೇಳಿ. ನಾನು ಯಾರ ಕಾಲೂ ಒತ್ತುವವಳಲ್ಲ.

ಇನ್ನೊಂದು. ಹಿಲಾರಿಯೊ ನನ್ನ ಮಾತು ಯಾವತ್ತಾದರೂ ಎತ್ತಿದ್ದರಾ?

ಸಾಲ್ವಸಿಯೋನ್


ವಾಲೆಹೊ
4 ಆಗಸ್ಟ್ 1999

ಶ್ರೀಮತಿ ಸಾಲ್ವಸಿಯೋನ್ ಅವರಿಗೆ,

ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ಅಂಚೆ ಕಚೇರಿಯಲ್ಲಿ ಇಡೀ ಆಯುಷ್ಯ ಕಳೆದವಳು ನಾನು, ಕಾಗದಕ್ಕೆ ಉತ್ತರ ಬರೆಯದೆ ಇಟ್ಟರೆ ನಿದ್ದೆ ಬರುವುದಿಲ್ಲ.

ನೀವು ಇಲ್ಲಿಯ ಪ್ರಜೆ ಆಗುವವರೆಗೆ, ಇಲ್ಲವೇ ಇಲ್ಲಿ ಹತ್ತು ವರ್ಷದಷ್ಟು ದುಡಿದು ಮುಗಿಸುವವರೆಗೆ, ಇಲ್ಲವೇ ಈ ದೇಶ ಬಿಟ್ಟು ಹೋಗುವವರೆಗೆ ಹೊಣೆ ನನ್ನ ಮೇಲಿರುತ್ತದೆ. ನಮ್ಮಿಬ್ಬರಲ್ಲಿ ಒಬ್ಬರು ಸತ್ತರೂ ಮುಗಿಯುತ್ತದೆ. ನೀವು ಒಳಗೆ ಬಂದ ಮೇಲೆ ನನಗೆ ಸಾಕು ಅನಿಸಿದರೆ ಬಿಡುವಂತಿಲ್ಲ. ಬಡವರಿಗೆ ಸರ್ಕಾರ ಕೊಡುವ ನೆರವನ್ನು ನೀವು ತೆಗೆದುಕೊಂಡರೆ ಅದನ್ನು ನನ್ನಿಂದ ವಸೂಲು ಮಾಡಬಹುದು. ಗಂಡ ಹೆಂಡತಿಗೆ ಜಾಮೀನು ನಿಂತು ಆಮೇಲೆ ವಿಚ್ಛೇದನ ಪಡೆದರೂ ಈ ಹೊಣೆ ಬಿಡುವುದಿಲ್ಲವಂತೆ. ವಕೀಲರು ಹಾಗಂದಾಗ ನನಗೆ ನಗು ಬಂತು. ಹಿಲಾರಿಯೊನ ಮದುವೆ ಬಿಡಿಸಲು ಒಂದು ಬೆಳಗ್ಗೆ ಸಾಕಾಗಿತ್ತು. ನಿಮಗೂ ನನಗೂ ಬೀಳುವ ಗಂಟು ಅದಕ್ಕಿಂತ ಗಟ್ಟಿ.

ಕಾಲು ಒತ್ತಲು ಯಾರೂ ಬೇಡ. ನನ್ನ ಕಾಲು ಚೆನ್ನಾಗಿವೆ, ಮೂವತ್ತು ವರ್ಷ ನಿಂತೇ ಟಪಾಲು ವಿಂಗಡಿಸಿದ ಕಾಲು. ಲಾಭ ಅಂದರೆ ಇಷ್ಟೇ: ನನಗೆ ಮಕ್ಕಳಾಗಲಿಲ್ಲ. ಮೆರ್ಲಿ ಕಾರು ಗುದ್ದಿಕೊಂಡ ದಿನ ಆಸ್ಪತ್ರೆಯವರು ನನಗೆ ಫೋನ್ ಮಾಡಿದರು. ಪ್ರಜ್ಞೆ ಬಂದಾಗ ಅವಳು ಕರೆದದ್ದು ನಿಮ್ಮನ್ನು. ಪಕ್ಕದಲ್ಲಿ ಕೂತಿದ್ದವಳು ನಾನು. ಅವಳು ಕರೆದವರನ್ನು ಕರೆಸಿಕೊಡಬೇಕು ಅನ್ನಿಸಿತು.

ನಿಮ್ಮ ಕೊನೇ ಪ್ರಶ್ನೆ. ಇಲ್ಲ. ಅವರು ನಿಮ್ಮ ಮಾತು ಎತ್ತಲಿಲ್ಲ. ಏನಾದರೂ ಇಂಪಾಗಿ ಬರೆಯಬೇಕು ಅಂತ ಎರಡು ಹಾಳೆ ಹರಿದೆ. ಬರೆದರೆ ಸುಳ್ಳಾಗುತ್ತದೆ.

ಕಾಗದದಲ್ಲಿ ಹುಟ್ಟಿದ ವರ್ಷ ಬರೆಯಬೇಕಿತ್ತು. ನಿಮ್ಮದು 1941 ಅಂತ ಮೆರ್ಲಿ ಹೇಳಿದಳು. ನನ್ನದು 1936. ಮನಾಂಗ್ ಅಂದಿದ್ದಕ್ಕೆ ಕ್ಷಮಿಸಿ.

ರೆಮೆದಿಯೋಸ್


ಬುಗಾಸೊಂಗ್
3 ಅಕ್ಟೋಬರ್ 1999

ರೆಮೆದಿಯೋಸ್ ಅವರೇ,

ನೀವು ನನಗಿಂತ ಐದು ವರ್ಷ ದೊಡ್ಡವರಾ? ಇಪ್ಪತ್ತೈದು ವರ್ಷದಿಂದ ನಾನು ನಿಮ್ಮನ್ನು ಇಪ್ಪತ್ತು ವರ್ಷದ ಹುಡುಗಿ ಅಂದುಕೊಂಡು ಬೈಯುತ್ತಾ ಬಂದಿದ್ದೀನಿ. ಕೆಂಪು ಲಂಗ, ಎತ್ತರದ ಹಿಮ್ಮಡಿ ಚಪ್ಪಲಿ, ಎಲ್ಲ ನಾನೇ ತೊಡಿಸಿದ್ದೆ. ಪಕ್ಕದ ಮನೆಯವಳಿಗೆ ಹೇಳಿದೆ. ಅವಳು ಮಗ್ಗದ ಮೇಲೆ ತಲೆಯಿಟ್ಟು ನಕ್ಕಳು. ನನಗೆ ಸಿಟ್ಟು ಬಂತು, ಆಮೇಲೆ ನಾನೂ ನಕ್ಕೆ.

ಹಿಲಾರಿಯೊ ನನ್ನನ್ನು ನೆನೆದು ಕೊರಗುತ್ತಿದ್ದರು ಅಂತ ನೀವು ಬರೆದಿದ್ದರೆ ಎಲ್ಲ ಕಾಗದ ಹರಿದು ಹಾಕ್ತಿದ್ದೆ. ಅವರಿಗೆ ಅಷ್ಟು ನೆನಪಿನ ಶಕ್ತಿ ಇರಲಿಲ್ಲ. ನನಗೂ ಅದು ಗೊತ್ತಿತ್ತು, ಸುಮ್ಮನೆ ಕೇಳಿದೆ.

ಸಹಿ ಹಾಕಿ. ಮೆರ್ಲಿಗೂ ಹೇಳಿಬಿಡಿ, ನಾವಿಬ್ಬರೂ ಬರೆದುಕೊಳ್ತಿದ್ದೀವಿ ಅಂತ. ಪಾಪ, ಎರಡೂ ಕಡೆ ಮುಚ್ಚಿಟ್ಟು ಸುಸ್ತಾಗಿರ್ತಾಳೆ.

ಕಾಯಿಲೆ ವಿಷಯ ಮತ್ತೊಮ್ಮೆ ಕೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ದೊಡ್ಡ ಕಾಯಿಲೆ ಅಲ್ಲ, ವಯಸ್ಸಾದವರಿಗೆ ಬರೋ ಸಣ್ಣಪುಟ್ಟದ್ದು ಇದ್ದರೆ? ಅದಕ್ಕೂ ನಿಮ್ಮ ಮನೆ ಮಾರಬೇಕಾಗುತ್ತಾ?

ಸಾಲ್ವಸಿಯೋನ್


ಮನಿಲಾ
22 ಫೆಬ್ರವರಿ 2000

ಮನಾಂಗ್ ರೆಮೆದಿಯೋಸ್,

ವಯಸ್ಸಿನ ಪ್ರಕಾರ ನಾನೇ ನಿಮ್ಮನ್ನು ಹಾಗನ್ನಬೇಕು, ಅಂದಿದ್ದೀನಿ.

ಇವತ್ತು ಸಂದರ್ಶನ ಆಯ್ತು. ಬೆಳಕು ಹರಿಯೋ ಮುಂಚೆ ಸಾಲಿನಲ್ಲಿ ನಿಂತೆ. ಕಿಟಕಿಯ ಹಿಂದೆ ಬಿಳಿ ಹುಡುಗಿ, ಅವಳ ಪಕ್ಕದಲ್ಲಿ ನಮ್ಮವಳೊಬ್ಬಳು ತಗಾಲೊಗ್‌ನಲ್ಲಿ ತಿಳಿಸಿ ಹೇಳ್ತಿದ್ದಳು.

‘ಜೊತೆಗೆ ಜಾಮೀನು ನಿಂತಿರೋ ರೆಮೆದಿಯೋಸ್ ಅಲಾಬಾದೊ ನಿಮಗೆ ಏನಾಗಬೇಕು?’

‘ನನ್ನ ಗಂಡನ ಹೆಂಡತಿ,’ ಅಂದೆ.

ನಮ್ಮವಳು ಅದನ್ನು ಇಂಗ್ಲಿಷ್‌ನಲ್ಲಿ ಹೇಳಲಿಲ್ಲ. ‘ಅಜ್ಜಿ, ಸರಿಯಾಗಿ ಹೇಳಿ,’ ಅಂದಳು.

‘ಸರಿಯಾಗೇ ಹೇಳಿದೆ ಮಗಳೇ. ಮೊದಲು ನನ್ನ ಗಂಡ, ಆಮೇಲೆ ಅವರ ಗಂಡ. ಈಗ ಇಬ್ಬರಿಗೂ ಇಲ್ಲ.’

ನಮ್ಮವಳು ಅದನ್ನು ತಿಳಿಸಿದ ಮೇಲೆ ಬಿಳಿ ಹುಡುಗಿ ಪೆನ್ನು ಕೆಳಗಿಟ್ಟಳು. ‘ಹಾಗಿದ್ದರೆ ಅವರು ನಿಮಗೆ ಯಾಕೆ ಜಾಮೀನು ನಿಲ್ತಾರೆ?’

‘ನಾನೂ ಅದನ್ನೇ ಕೇಳಿದ್ದೆ,’ ಅಂತ ಹೇಳಿ ನಿಮ್ಮ ಆಗಸ್ಟ್ ಕಾಗದ ಕಿಟಕಿಯ ಕೆಳಗಿಂದ ತಳ್ಳಿದೆ. ನಮ್ಮವಳು ಓದಿ ಹೇಳ್ತಾ ಹೋದಳು. ಎರಡು ಹಾಳೆ ಹರಿದೆ ಅನ್ನೋ ಜಾಗಕ್ಕೆ ಬಂದಾಗ ಆ ಸಾಲನ್ನು ಎರಡು ಸಲ ಹೇಳಿದಳು. ಬಿಳಿ ಹುಡುಗಿ ಕಾಗದ ಮಡಿಸಿ ವಾಪಸ್ ಕೊಟ್ಟಳು, ಮಡಿಕೆ ತಪ್ಪದ ಹಾಗೆ.

ಆದರೆ ವೀಸಾ ಇನ್ನೂ ಕೊಟ್ಟಿಲ್ಲ. ನಿಮ್ಮ ಈ ವರ್ಷದ ತೆರಿಗೆ ಕಾಗದ ಬೇಕಂತೆ, ಹಳೇದು ಸಾಲದಂತೆ. ಬೇಗ ಕಳಿಸಿ. ವೈದ್ಯರ ಪರೀಕ್ಷೆಗೂ ಅವಧಿ ಇದೆ, ಅದು ಮೀರಿದರೆ ಮತ್ತೆ ಮನಿಲಾಗೆ ಹಡಗು ಹತ್ತಬೇಕು.

ಬಸ್ಯೋನ್
(ಊರಲ್ಲಿ ನನ್ನನ್ನು ಹೀಗೇ ಕರೆಯೋದು)


ಬುಗಾಸೊಂಗ್
28 ಏಪ್ರಿಲ್ 2000

ಶ್ರೀಮತಿ ರೆಮೆದಿಯೋಸ್ ಅವರಿಗೆ,

ಎರಡು ತಿಂಗಳಾಯ್ತು. ತೆರಿಗೆ ಕಾಗದ ಬಂದಿಲ್ಲ, ನಿಮ್ಮ ಒಂದು ಸಾಲೂ ಬಂದಿಲ್ಲ. ಉತ್ತರ ಬರೆಯದೆ ಇಟ್ಟರೆ ನಿದ್ದೆ ಬರಲ್ಲ ಅಂದವರು ನೀವೇ. ಮೆರ್ಲಿಯನ್ನು ಕೇಳಿದರೆ ‘ಅವರಿಗೆ ಕೆಲಸ ಜಾಸ್ತಿ ಅಮ್ಮ’ ಅಂತಾಳೆ. ಅದೇ ತೆಳ್ಳಗಿನ ದನಿ.

ನನಗೆ ಅರ್ಥವಾಯ್ತು. ನನ್ನನ್ನು ನೋಡುವ ಮುಂಚೆ ಹೂಂ ಅನ್ನೋದು ಸುಲಭ. ದಿನ ಹತ್ತಿರ ಬಂದ ಹಾಗೆ ಮನಸ್ಸು ಹಿಂದೆ ಸರಿಯುತ್ತೆ. ಚರ್ಚಿನ ಗೆಳತಿ ಹೋದಳು, ನೆಂಟರು ಹೋದರು, ನೀವೂ ಹೋದಿರಿ. ಬೇಡ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನನ್ನ ಮಗ್ಗ ಇನ್ನೂ ಮನೆಯಲ್ಲಿದೆ ಅಂತ ತಿಳೀಬೇಡಿ. ಮಾರಿಬಿಟ್ಟೆ.

ಅಂತೂ ಅಲಾಬಾದೊ ಮನೆಯವರು ಮಾತು ಕೊಡೋ ರೀತಿ ನನಗೆ ಹೊಸದಲ್ಲ.

ಸಾಲ್ವಸಿಯೋನ್


ವಾಲೆಹೊ
24 ಮೇ 2000

ಬಸ್ಯೋನ್,

ಅಕ್ಷರ ವಕ್ರವಾಗಿದ್ದರೆ ಮನ್ನಿಸು. ದಿಂಬಿಗೆ ಒರಗಿ ಬರೆಯುತ್ತಿದ್ದೇನೆ.

ಫೆಬ್ರವರಿ ಕೊನೆಯಲ್ಲಿ ಚರ್ಚಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಆಪರೇಷನ್ ಆಯಿತು, ಆಮೇಲೆ ನಡೆಯುವುದು ಕಲಿಸುವ ಜಾಗದಲ್ಲಿ ಇಟ್ಟರು. ತೆರಿಗೆ ಲೆಕ್ಕ ಕೊಡಲು ಆದದ್ದೇ ಏಪ್ರಿಲ್ ಕೊನೆಗೆ. ಅದರ ಪ್ರತಿಯನ್ನು ಮೆರ್ಲಿ ನೇರವಾಗಿ ಮನಿಲಾಕ್ಕೆ ಕಳಿಸಿದ್ದಾಳೆ. ಈ ಕಾಗದಕ್ಕಿಂತ ಮುಂಚೆ ಅದು ತಲುಪುತ್ತದೆ.

ಅಮ್ಮನಿಗೆ ಹೇಳಬೇಡ ಅಂತ ಅವಳಿಂದ ಈ ಸಲ ಆಣೆ ಹಾಕಿಸಿಕೊಂಡವಳು ನಾನು. ಯಾಕೆ ಅಂತ ಹೇಳಲು ನಾಚಿಕೆಯಾಗುತ್ತದೆ. ಕಾಲು ಒತ್ತುವವಳು ಬೇಕಾ ಅಂತ ನೀನು ಕೇಳಿದ್ದೆ. ನನ್ನ ಕಾಲು ಚೆನ್ನಾಗಿವೆ ಅಂತ ನಾನು ಜಂಬದಿಂದ ಬರೆದಿದ್ದೆ. ವರ್ಷ ತಿರುಗುವ ಮುಂಚೆ ಹಾಸಿಗೆ ಹಿಡಿದೆ ಅಂತ ತಿಳಿದರೆ, ಇವಳು ಮೊದಲಿಂದಲೂ ಇದಕ್ಕೇ ಕರೆಸಿಕೊಳ್ಳುತ್ತಿದ್ದಾಳೆ ಅಂತ ನೀನು ಅಂದುಕೊಳ್ಳುತ್ತೀಯ ಅನ್ನಿಸಿತು. ನೀನು ಬಂದು ನಾನು ನಾಲ್ಕು ಹೆಜ್ಜೆ ನಡೆಯುವುದನ್ನು ನೋಡಿದ ಮೇಲೆ ಹೇಳೋಣ, ಅಷ್ಟರಲ್ಲಿ ಕೋಲಿಲ್ಲದೆ ನಡೆಯುತ್ತೇನೆ ಅಂದುಕೊಂಡೆ. ನಿನ್ನ ಏಪ್ರಿಲ್ ಕಾಗದ ಓದಿ ಮೆರ್ಲಿ ನನ್ನ ಮೇಲೆ ಕೂಗಾಡಿದಳು. ‘ನೀವಿಬ್ಬರೂ ಸೇರಿ ನನ್ನನ್ನು ಸಾಯಿಸ್ತೀರಿ’ ಅಂದಳು.

ಬರುವುದು ಬಿಡುವುದು ನಿನ್ನಿಷ್ಟ. ಸಹಿ ಇರುತ್ತದೆ.

ರೆಮೆ


ಬುಗಾಸೊಂಗ್
19 ಜೂನ್ 2000

ಮನಾಂಗ್,

ವೀಸಾ ಬಂತು. ಆಗಸ್ಟ್ ಮೊದಲ ವಾರ ಹೊರಡ್ತೀನಿ.

ಏಪ್ರಿಲ್‌ನಲ್ಲಿ ಬರೆದ ಮಾತಿಗೆ ಏನು ಹೇಳಲಿ. ಬರೆದಾಗಿದೆ. ಮುಂದೆ ಸಿಕ್ಕಾಗ ನೀವು ಬೈಯಿರಿ, ನಾನು ಸುಮ್ಮನೆ ಕೇಳಿಸಿಕೊಳ್ತೀನಿ. ಒಂದು ದಿನ ಮಾತ್ರ.

ನಾನೂ ಒಂದು ಮುಚ್ಚಿಟ್ಟಿದ್ದೆ. ಮಗ್ಗ ಮಾರಿದ್ದು ಪ್ರಯಾಣಕ್ಕಲ್ಲ. ಎರಡು ವರ್ಷದಿಂದ ಕಣ್ಣು ಮಸುಕು. ಚೌಕಳಿಯ ಗೆರೆ ತಪ್ಪಿಹೋಗುತ್ತೆ, ಕೆಂಪಿದ್ದ ಕಡೆ ಕಂದು ಹೊಡೀತೀನಿ. ಅಂಗಡಿಯವಳು ವಾಪಸ್ ಕಳಿಸೋಕೆ ಶುರು ಮಾಡಿದಳು. ಸಣ್ಣಪುಟ್ಟ ಕಾಯಿಲೆ ಅಂತ ಮತ್ತೆ ಮತ್ತೆ ಕೇಳಿದ್ದು ಅದಕ್ಕೆ. ಹೊಣೆಗೆ ನಿಂತವರ ಮನೆ ನನ್ನ ಕಣ್ಣಿನಿಂದ ಹೋಗಬಾರದು ಅಂತ. ಪೊರೆ ಬಂದಿದೆ, ತೆಗೆಸಿದರೆ ಸರಿಯಾಗುತ್ತೆ ಅಂತ ಮನಿಲಾದ ವೈದ್ಯರು ಹೇಳಿದರು. ನೀವು ಕುಂಟಿ, ನಾನು ಕುರುಡಿ. ಮೆರ್ಲಿಯ ಪುಣ್ಯ ದೊಡ್ಡದು.

ಇದನ್ನು ಬರೆದುಕೊಡ್ತಿರೋದು ಪಕ್ಕದ ಮನೆಯವಳು. ಮನಿಲಾಕ್ಕೂ ನನ್ನ ಜೊತೆ ಬಂದಿದ್ದಳು, ಎಲ್ಲ ಕಾಗದವೂ ಅವಳದೇ ಕೈಬರಹ. ನಿಮ್ಮ ಬೈಗುಳ ಹೊಗಳಿಕೆ ಎಲ್ಲ ಅವಳಿಗೆ ಬಾಯಿಪಾಠ. ನೀವು ನಡೆಯೋದು ಕಲಿತಿರಾ ಅಂತ ನನಗಿಂತ ಮುಂಚೆ ಅವಳು ಕೇಳ್ತಾಳೆ.

ಬಸ್ಯೋನ್


ವಾಲೆಹೊ
17 ಜನವರಿ 2006

ಮನಾಂಗ್ ರೆಮೆ,

ಕಾಯಿಲೆ ಬಿದ್ದ ತಂಗಿಯನ್ನು ನೋಡಿಕೊಳ್ಳೋಕೆ ನೀವು ಪಾಂಗಸಿನಾನ್‌ಗೆ ಹೋಗಿ ಏಳು ತಿಂಗಳಾಯ್ತು. ನಿಮ್ಮ ತಂಗಿ ಈಗ ಎದ್ದು ಕೂರ್ತಾರೆ ಅಂತ ಫೋನಿನಲ್ಲಿ ಹೇಳಿದಿರಿ, ಸಮಾಧಾನ ಆಯ್ತು. ಫೋನಿನಲ್ಲಿ ನಾವು ಬರೀ ಹವಾಮಾನ ಮಾತಾಡ್ತೀವಿ. ಅದಕ್ಕೆ ಕಾಗದ. ಇದು ನನ್ನದೇ ಕೈಬರಹ, ತಪ್ಪಿದ್ದರೆ ನಗಬೇಡಿ.

ಮೊನ್ನೆ ನಾನು ಇಲ್ಲಿಯ ಪ್ರಜೆ ಆದೆ. ದೊಡ್ಡ ಸಭಾಂಗಣ, ಎಲ್ಲ ದೇಶದವರೂ ಇದ್ದರು. ಬಲಗೈ ಎತ್ತಿ ಹೇಳಿಕೊಟ್ಟ ಹಾಗೆ ಹೇಳಿದೆ. ಜನೀನ್ ನನ್ನ ಕೈಗೆ ಸಣ್ಣ ಬಾವುಟ ಕೊಟ್ಟು ಫೋಟೋ ತೆಗೆದಳು. ಹದಿಮೂರು ವರ್ಷದವಳು, ನನ್ನ ಪಕ್ಕ ನಿಂತರೆ ನಾನೇ ಮೊಮ್ಮಗಳು. ಮೆರ್ಲಿ ಅತ್ತಳು. ನನಗೆ ಅಳು ಬರಲಿಲ್ಲ. ಮುಗಿದ ಮೇಲೆ ಅಲ್ಲಿದ್ದ ವಕೀಲರೊಬ್ಬರನ್ನು ಹಿಡಿದು ನಿಲ್ಲಿಸಿದೆ.

‘ನನಗೆ ಜಾಮೀನು ನಿಂತವರ ಕಥೆ ಏನು?’

‘ಅವರ ಹೊಣೆ ಇವತ್ತಿಗೆ ಮುಗೀತು ಅಜ್ಜಿ. ಇನ್ನು ಅವರಿಗೂ ನಿಮಗೂ ಸಂಬಂಧ ಇಲ್ಲ,’ ಅಂದರು.

ಕಾನೂನಿನ ಮಾತು ಅಂತ ನನಗೂ ಗೊತ್ತು. ಆದರೂ ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚನೆ ಮಾಡ್ತಿದ್ದೆ. ಐದು ವರ್ಷ ಒಂದು ದಿನವೂ ನೀವು ಆ ಸಹಿಯ ಮಾತು ನನ್ನೆದುರು ಎತ್ತಲಿಲ್ಲ. ಕಣ್ಣಿನ ಆಪರೇಷನ್‌ಗೆ ಕರೆದುಕೊಂಡು ಹೋದಾಗಲೂ ಇಲ್ಲ, ನಾವು ಜಗಳ ಆಡಿ ಒಂದು ತಿಂಗಳು ಮಾತು ಬಿಟ್ಟಾಗಲೂ ಇಲ್ಲ. ನಾನಾಗಿದ್ದರೆ ಎತ್ತಿ ಆಡ್ತಿದ್ದೆ.

ಸತ್ತವರ ಹಬ್ಬಕ್ಕೆ ಹಿಲಾರಿಯೊನ ಸಮಾಧಿಗೆ ಹೋಗಲಿಲ್ಲ. ನೀವಿಲ್ಲದೆ ಅಲ್ಲಿ ನನಗೆ ಏನು ಕೆಲಸ. ಹೂವಿನ ದುಡ್ಡಿನಲ್ಲಿ ಮೀನು ತಂದು ಹುಳಿ ಸಾರು ಮಾಡಿ ತಿಂದೆವು.

ಇನ್ನೊಂದು ಸುದ್ದಿ. ರಾಂಡಿಯಿಂದ ವಿಚ್ಛೇದನ ಆಗಿತ್ತಲ್ಲ, ಈಗ ಮೆರ್ಲಿಯ ಮದುವೆ ಗೊತ್ತಾಗಿದೆ. ಬೆಂಜಮಿನ್, ಅವಳ ವೃದ್ಧಾಶ್ರಮದಲ್ಲಿ ಅಡುಗೆ ಮಾಡೋನು, ನಿಮಗೆ ಗೊತ್ತಲ್ಲ, ಕಡಿಮೆ ಮಾತಿನವನು. ಏಪ್ರಿಲ್‌ಗೆ ಮದುವೆ. ಅವನು ಮೆರ್ಲಿಯೂ ನಾನೂ ಇದ್ದ ಮನೆಗೇ ಬರ್ತಾನೆ. ‘ಅಮ್ಮ, ನೀನು ಎಲ್ಲೂ ಹೋಗಬೇಡ’ ಅಂತ ಇಬ್ಬರೂ ಹೇಳ್ತಾರೆ, ಮನಸ್ಸಿನಿಂದಲೇ ಹೇಳ್ತಾರೆ. ಆದರೆ ಎರಡು ಕೋಣೆಯ ಮನೆ, ಹೊಸದಾಗಿ ಮದುವೆಯಾದವರು, ನಡುವೆ ಕೆಮ್ಮುತ್ತಾ ನಾನು ಯಾಕೆ.

ಗಿಡಕ್ಕೆ ನೀರು ಹಾಕು ಅಂತ ನೀವು ನಿಮ್ಮ ಮನೆಯ ಬೀಗದ ಕೈ ಕೊಟ್ಟು ಹೋಗಿದ್ದಿರಿ. ಹೋದ ಶನಿವಾರ ನನ್ನ ಪೆಟ್ಟಿಗೆ, ಹಾಸಿಗೆ, ಅಕ್ಕಿ ಡಬ್ಬ ತಂದು ನಿಮ್ಮ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೀನಿ. ನಿಮ್ಮನ್ನು ಕೇಳಲಿಲ್ಲ. ಫೋನಿನಲ್ಲಿ ಕೇಳಿದರೆ ನೀವು ಇಲ್ಲ ಅನ್ನೋಕೆ ಆಗದೆ ಹೂಂ ಅಂದುಬಿಡ್ತೀರಿ. ಬೇಡ ಅನ್ನಿಸಿದರೆ ಕಾಗದ ಬರೆಯಿರಿ, ನಾನು ಬೇಜಾರು ಮಾಡಿಕೊಳ್ಳಲ್ಲ. ಆದರೆ ನಿಮ್ಮ ಕಾಗದ ಇಲ್ಲಿಗೆ ಬರೋಕೆ ಮೂರು ವಾರ ಬೇಕು. ಅಷ್ಟರಲ್ಲಿ ನಾನು ಕಿಟಕಿಗೆ ಪರದೆ ಹೊಲಿದು ಹಾಕಿ ಆಗಿರುತ್ತೆ.

ಬಸ್ಯೋನ್